ಎಣ್ಣೆ ಅಳೆಯುವ ಕಡ್ಡಿ

ಸಾವಿತ್ರವ್ವನಿಗೆ ಅಪ್ಪನ ನೆನಪು ಬರುವುದು ಡೀಸೆಲ್ ವಾಸನೆಯಿಂದ. ಅವಳು ಎಂಟು ವರ್ಷದವಳಿದ್ದಾಗ ಅಪ್ಪ ಸೋಮಲಿಂಗ ಧುಪದಾಳದ ಹೊಳೆದಂಡೆಯಲ್ಲಿ ಧಣಿಯರ ನೀರೆತ್ತುವ ಎಂಜಿನ್ನು ನೋಡಿಕೊಳ್ಳುತ್ತಿದ್ದ. ಅವನ ಧೋತರ ನಾರುತ್ತಿತ್ತು, ಕೈ ನಾರುತ್ತಿತ್ತು, ಮುರಿದು ಅವಳ ಬಾಯಿಗಿಡುತ್ತಿದ್ದ ರೊಟ್ಟಿಯೂ ನಾರುತ್ತಿತ್ತು. ಓರಗೆಯ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವಳಿಗೆ ಮಾತ್ರ ಅದು ಅಪ್ಪ ಮನೆಗೆ ಬಂದನೆಂಬ ಸುದ್ದಿ. ನಡೆಯುತ್ತಿದ್ದ ಎಂಜಿನ್ನು ತಟ್ಟನೆ ನಿಂತರೆ ಅಪ್ಪ ಮೊದಲು ನಟ್ಟು ಬಿಚ್ಚುವ ಪಾನಾ ಹುಡುಕುತ್ತಿರಲಿಲ್ಲ. ಟಾಕಿಯ ಮುಚ್ಚಳ ತೆಗೆದು ಮೂಗು ಒಡ್ಡುತ್ತಿದ್ದ. “ಎಣ್ಣಿ ಇದ್ದ ಟಾಕಿ ನಾತಾನ ಬ್ಯಾರೆ, ಬರಿದಾದ ಟಾಕಿ ನಾತಾನ ಬ್ಯಾರೆ, ಸಾವಿತ್ರಿ,” ಅನ್ನುತ್ತಿದ್ದ.

ಐವತ್ತು ವರ್ಷದ ಮೇಲೆ ಆ ಮಾತು ಉಪಯೋಗಕ್ಕೆ ಬರುತ್ತದೆಂದು, ಅದೂ ಆಕಾಶದಿಂದ ಇಳಿದ ಎಂಜಿನ್ನಿಗೆ ಬರುತ್ತದೆಂದು ಯಾರು ಕನಸು ಕಂಡಿದ್ದರು?

ಅರಭಾವಿಯಿಂದ ಮೂಡಲಗಿಗೆ ಹೋಗುವ ರಸ್ತೆಯ ಬಲಕ್ಕೆ ಸತ್ಯಪ್ಪನ ಹನ್ನೆರಡು ಎಕರೆ ಹೊಲ ಪಟ್ಟಿಯ ಹಾಗೆ ಉದ್ದಕ್ಕೆ ಬಿದ್ದಿದೆ. ಕಡಲೆ ಕಿತ್ತು ನೆಲ ಬರಿದಾಗಿತ್ತು. ಸುತ್ತ ಮೂರು ಕಡೆ ಆಳೆತ್ತರದ ಕಬ್ಬು, ನಾಲ್ಕನೆಯ ಕಡೆ ಕರೆಂಟಿನ ತಂತಿ. ಆ ಹೊಲದಲ್ಲಿ ಕುರಿ ತರುಬಲು ಸಾವಿತ್ರವ್ವ ಮತ್ತು ಅವಳ ಗಂಡ ಮಾಳಪ್ಪ ಐದು ದಿನದಿಂದ ಬಿಡಾರ ಹೂಡಿದ್ದರು. ಕುರಿ ಮಲಗಿದ ಜಾಗಕ್ಕೆಲ್ಲ ಗೊಬ್ಬರ ಬೀಳುತ್ತದೆ. ದಿನಕ್ಕೊಂದು ಕಡೆ ಹಟ್ಟಿ ಸರಿಸುತ್ತ ಹೋದರೆ ಹೊಲ ಪೂರಾ ಉಂಡಂತಾಗುತ್ತದೆ. ಹೊಲದವನು ಕುರಿಯವರಿಗೆ ಜೋಳ ಅಳೆದು ಕೊಡುತ್ತಾನೆ. ಆ ದಿನ ಹಟ್ಟಿ ಸರಿಯುತ್ತ ಸರಿಯುತ್ತ ಹೊಲದ ನಟ್ಟನಡುವೆ ಬಂದು ನಿಂತಿತ್ತು.

ಮಾಳಪ್ಪ ದೊಡ್ಡ ಕುರಿಗಳನ್ನು ಹೊಡೆದುಕೊಂಡು ಕಾಲುವೆ ದಂಡೆಗೆ ಹೋಗಿದ್ದ. ಅಷ್ಟು ದೂರ ನಡೆಯಲಾರದ ಎಳೆಮರಿಗಳು, ಇಪ್ಪತ್ತೆರಡು, ಬಲೆಯ ದೊಡ್ಡಿಯಲ್ಲಿ ಉಳಿದಿದ್ದವು. ನಾಲ್ಕು ಗೂಟಕ್ಕೆ ಬಲೆ ಕಟ್ಟಿದರೆ ಅದೇ ದೊಡ್ಡಿ. ಅದರ ಬಾಗಿಲಲ್ಲಿ ಕೂತು ಸಾವಿತ್ರವ್ವ ಒಂದು ಸೊರಗಿದ ಮರಿಗೆ ಬೆರಳಿನಿಂದ ಹಾಲು ನೆಕ್ಕಿಸುತ್ತಿದ್ದಳು.

ಬೆಳಗಾವಿ ಕಡೆಯಿಂದ ಕಲಿಯುವ ಹುಡುಗರ ಸಣ್ಣ ವಿಮಾನಗಳು ದಿನಾ ಬರುತ್ತಿದ್ದವು. ಗುಂಯ್ ಅನ್ನುತ್ತ ತಲೆಯ ಮೇಲೆ ಹಾದು ಹೋಗುತ್ತಿದ್ದವು. ಮರಿಗಳಿಗೂ ಅದು ರೂಢಿಯಾಗಿತ್ತು. ಅವತ್ತು ಬಂದ ವಿಮಾನ ಒಮ್ಮೆ ಕೆಮ್ಮಿತು. ಸ್ವಲ್ಪ ತಡೆದು ಮತ್ತೆ ಕೆಮ್ಮಿತು. ಆಮೇಲೆ ಸುಮ್ಮನಾಯಿತು.

ಆ ಕೆಮ್ಮು ಸಾವಿತ್ರವ್ವನಿಗೆ ಗುರುತಿನದು. ಅವಳು ಎದ್ದು ನಿಂತು ಹಣೆಗೆ ಕೈ ಅಡ್ಡ ಹಿಡಿದಳು. ಬಿಳಿಯ ವಿಮಾನ, ಮೂಗಿನ ಮೇಲಿನ ರೆಕ್ಕೆ ತಿರುಗದೆ ಕಟ್ಟಿಗೆಯ ಹಾಗೆ ಅಡ್ಡ ನಿಂತಿದೆ. ಕಬ್ಬಿನ ಸೂಲಂಗಿಯ ಮೇಲೆ ಸವರಿಕೊಂಡು, ಸಪ್ಪಳವಿಲ್ಲದೆ, ನೇರ ಅವಳ ಕಡೆಗೇ ಬರುತ್ತಿದೆ.

ಓಡಲು ಕಾಲೇ ಬರಲಿಲ್ಲ ಎಂದು ಆಮೇಲೆ ಕೇಳಿದವರಿಗೆಲ್ಲ ಹೇಳಿದಳು. ಖರೆ ಹೇಳಬೇಕೆಂದರೆ, ಮರಿಗಳನ್ನು ಬಿಟ್ಟು ಓಡುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ತೋಳ ಬಂದಾಗ ನಿಲ್ಲುವ ಹಾಗೆ ದೊಡ್ಡಿಯ ಮುಂದೆ ಎರಡೂ ಕೈ ಅಗಲಿಸಿ ನಿಂತಳು.

ವಿಮಾನ ಹೊಲದ ಆ ತುದಿಯಲ್ಲಿ ನೆಲಕ್ಕೆ ಬಡಿದು ಒಮ್ಮೆ ಪುಟಿಯಿತು, ಮತ್ತೆ ಬಡಿಯಿತು, ಹೆಂಟೆ ಹಾರಿಸುತ್ತ ಬಂತು. ಗಾಜಿನ ಹಿಂದೆ ಒಂದು ಮುಖ ಕಂಡಿತು. ಆ ಮುಖಕ್ಕೂ ಅವಳು ಕಂಡಳೆಂದು ತೋರುತ್ತದೆ. ಮೂಗುದಾರ ಜಗ್ಗಿದ ಹೋರಿಯ ಹಾಗೆ ವಿಮಾನ ಗಕ್ಕನೆ ಎಡಕ್ಕೆ ಹೊರಳಿತು. ದೊಡ್ಡಿಯಿಂದ ಹತ್ತು ಮಾರು ದೂರದಲ್ಲಿ ಹಾದು ಹೋಗಿ ಬದುವಿಗೆ ಬಡಿಯಿತು. ಒಂದು ಗಾಲಿ ಮುರಿಯಿತು, ಒಂದು ರೆಕ್ಕೆ ಮಣ್ಣಿನಲ್ಲಿ ಊರಿತು. ಧೂಳು ಅಡಗುವ ಹೊತ್ತಿಗೆ ಮರಿಗಳು ಬ್ಯಾ ಅನ್ನತೊಡಗಿದ್ದವು.

ಸಾವಿತ್ರವ್ವ ಹತ್ತಿರ ಹೋಗುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಬಿಳಿ ಅಂಗಿಯ ಹುಡುಗಿ, ಇಪ್ಪತ್ತರ ಆಜೂಬಾಜೂ ವಯಸ್ಸು. ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳದೆ ಕೇಳಿದ ಮೊದಲ ಮಾತು, “ಆಯಿ, ನಿಮಗೇನೂ ಆಗಿಲ್ಲಲ್ಲಾ? ಮರಿಗೋಳು?”

“ಎಲ್ಲಾ ಅದಾವ. ಅಯ್ಯ, ನೀ ನಮ್ಮ ಮಾತು ಆಡ್ತೀ! ಯಾವೂರಾಕಿ ಯವ್ವಾ?”

“ಹುಕ್ಕೇರಿ ಕಡೆಯಾಕಿ ರೀ. ಸಪ್ನಾ.”

“ಸಪ್ನಾನೋ, ಖರೇನೋ. ಮೊದಲ ಕೆಳಗ ಇಳಿ.”

ಅವಳ ತೋಳು ಹಿಡಿದು ಬದುವಿನ ಬನ್ನಿಗಿಡದ ನೆರಳಿಗೆ ಕರೆತಂದು ಕೂಡಿಸಿದಳು. ಸೊಂಟದ ಚೀಲದಿಂದ ಅರಿಸಿನ ತೆಗೆದು ಗಾಯಕ್ಕೆ ಒತ್ತಿ, ಹಳೆಯ ಸೀರೆಯ ಅಂಚು ಹರಿದು ಹಣೆಗೆ ಕಟ್ಟಿದಳು. ನೀರು ಕುಡಿಸಿದಳು. ಆಮೇಲೆ, ತನಗೇ ತಿಳಿಯದ ಹಾಗೆ, ಮಣ್ಣಿನಲ್ಲಿ ಊರಿದ ರೆಕ್ಕೆಯ ಕಡೆ ಮುಖ ಮಾಡಿ ಗಾಳಿ ಎಳೆದುಕೊಂಡಳು. ಮಣ್ಣಿನ ವಾಸನೆ, ಕಾದ ಕಬ್ಬಿಣದ ವಾಸನೆ. ಅಷ್ಟೇ.

“ಎಣ್ಣಿ ಮುಗದೈತಿ, ಹೌದಿಲ್ಲೋ?” ಅಂದಳು.

ಹುಡುಗಿ ತಲೆ ಎತ್ತಿ ನೋಡಿದಳು. “ಇರಬೇಕಾಗಿತ್ತು ರೀ. ನಾ ಅಳದ ಹತ್ತೇನಿ. ಖರೇನ ಅಳದೇನಿ. ಇನ್ನೂ ಒಂದೂವರೆ ತಾಸು ಹಾರೂವಷ್ಟು ಇರಬೇಕಾಗಿತ್ತು.”

“ಇರಲಿ, ಜೀವಾ ಉಳೀತಲ್ಲ.”

“ನಿಮಗ ತಿಳಿಯೂದಿಲ್ಲ ಆಯಿ. ಹಾರೂಕಿಂತ ಮೊದಲ ಎಣ್ಣಿ ಅಳಿಯೂದು ನಮ್ಮ ಕೆಲಸ. ಅಳದಿಲ್ಲ ಅಂತ ಕಲಸೂ ಸರ್ ಬರದರಂದ್ರ ಮುಗೀತು. ಮತ್ತ ಯಾರೂ ನನ್ನ ಕೈಯಾಗ ವಿಮಾನ ಕೊಡೂದಿಲ್ಲ.” ಅವಳು ಅಳಲಿಲ್ಲ. ಅಂಗೈ ತಿರುವಿ ತಿರುವಿ ನೋಡಿಕೊಂಡಳು, ಅಲ್ಲೆಲ್ಲೋ ಉತ್ತರ ಬರೆದಿದ್ದಾರೇನೋ ಎನ್ನುವ ಹಾಗೆ.

ಸಾವಿತ್ರವ್ವ ತನ್ನ ಬುತ್ತಿಯಿಂದ ರೊಟ್ಟಿ ತೆಗೆದು ಕೊಟ್ಟಳು. ಹುಡುಗಿ ಎರಡು ತುತ್ತು ತಿಂದಳು, ಮೂರನೆಯದನ್ನು ಕೈಯಲ್ಲೇ ಹಿಡಿದು ಕೂತಳು.

ಅರ್ಧ ತಾಸಿನಲ್ಲಿ ಹೊಲದ ತುಂಬ ಮಂದಿ. ಅರಭಾವಿಯಿಂದ, ಘಟಪ್ರಭಾದಿಂದ ಬೈಕುಗಳು, ಟ್ರ್ಯಾಕ್ಟರುಗಳು ಬಂದವು. ತೋಟಗಾರಿಕೆ ಕಾಲೇಜಿನ ಬಸ್ಸು ರಸ್ತೆಯಲ್ಲೇ ನಿಂತುಬಿಟ್ಟಿತು.

“ಹುಕ್ಕೇರಿ ಮಂದಿಗೆ ಬಸ್ ತಪ್ಪಿದ್ರ ಹಿಂಗ ಬರತಾರ ನೋಡ!” ಎಂದು ಒಬ್ಬ ನಗಿಸಿದ.

“ಏ ಸತ್ಯಪ್ಪ ಕಾಕಾ, ಹೋದ ಸಲ ಕಡ್ಲಿ ಬೆಳದಿ, ಈ ಸಲ ಇಮಾನ ಬೆಳದಿ. ರೇಟ್ ಹೆಂಗ?”

ಸತ್ಯಪ್ಪ ನಗಲಿಲ್ಲ. ಅವನ ಕಣ್ಣು ಹುಡುಗಿಯ ಮೇಲಿತ್ತು. ಮೂರು ನಾಲ್ಕು ಮಂದಿ ಫೋನು ಎತ್ತಿ ಹಿಡಿದು ಅವಳ ಮುಖದ ಹತ್ತಿರ ಬರುತ್ತಿದ್ದರು. ಸಾವಿತ್ರವ್ವ ಕುರಿ ಕಾಯುವ ಕೋಲು ನೆಲಕ್ಕೆ ಕುಟ್ಟಿದಳು. “ನಿಮ್ಮ ಮನ್ಯಾಗ ಹೆಣಮಕ್ಕಳು ಇಲ್ಲೇನು? ಮಗಳು ಸತ್ತು ಬದುಕಿ ಬಂದಾಳ, ಇವರಿಗೆ ಫೋಟೋ ಬೇಕಂತ!”

ಸತ್ಯಪ್ಪ ತನ್ನ ಟ್ರ್ಯಾಕ್ಟರು ತಂದು ಬನ್ನಿಗಿಡದ ಮುಂದೆ ಅಡ್ಡ ನಿಲ್ಲಿಸಿದ. ಹುಡುಗಿಗೆ ಒಂದು ಮರೆಯಾಯಿತು. ಬಾಜೂ ಹೊಲದ ಭರಮವ್ವ ಚರಿಗೆಯಲ್ಲಿ ಮಜ್ಜಿಗೆ ತಂದಳು. ಚರಿಗೆ ಬರಿದಾಗುವ ತನಕ ಬಿಸಿಲಿನ ಕಡೆ ಬೆನ್ನು ಮಾಡಿ ನಿಂತಿದ್ದು ಹೋದಳು. ಅವಳ ನೆರಳು ಹುಡುಗಿಯ ಮೇಲೆ ಬೀಳುತ್ತಿತ್ತು ಎನ್ನುವುದನ್ನು ಸಾವಿತ್ರವ್ವ ಮಾತ್ರ ಗಮನಿಸಿದಳು.

ಸುದ್ದಿ ಕೇಳಿ ಮಾಳಪ್ಪ, ಕುರಿಗಳನ್ನು ಇನ್ನೊಬ್ಬ ಕುರಿಗಾರನಿಗೆ ಒಪ್ಪಿಸಿ, ಏದುಸಿರು ಬಿಡುತ್ತ ಬಂದ. ಮೊದಲು ಹೆಂಡತಿಯನ್ನು ನೋಡಿದ, ಆಮೇಲೆ ಮರಿಗಳನ್ನು ಎಣಿಸಿದ, ಆಮೇಲೆ ಗಾಲಿಯ ಗೆರೆ ಎಲ್ಲಿಂದ ಎಲ್ಲಿಗೆ ಹೊರಳಿದೆ ಎಂದು ನೋಡಿದ. ಗೆರೆ ನೆಟ್ಟಗೆ ಬಂದಿದ್ದರೆ ಎಲ್ಲಿ ಮುಟ್ಟುತ್ತಿತ್ತೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ತಲೆಯ ಪಟಕಾ ಬಿಚ್ಚಿ ಮುಖ ಒರೆಸಿಕೊಂಡ. ಹಾಗಿದ್ದೂ ದನಿ ತಗ್ಗಿಸಿ ಅಂದ, “ಬಲಿ ಬಿಚ್ಚು. ಹೋಗೂಣು.”

“ಎಲ್ಲಿಗೆ?”

“ಎಲ್ಲಿಗ್ಯಾರ. ಪೊಲೀಸರು ಬಂದಾರ. ಸಾಕ್ಷಿ ಅಂತ ಹೆಸರು ಬರಕೊಂಡ್ರಂದ್ರ ಮುಗೀತು. ನಮ್ಮ ಮಾಲಿಂಗಗ ಏನಾತು? ಲಾರಿ ಗುದ್ದಿದ್ದು ನೋಡೇನಿ ಅಂದ, ಮೂರು ವರ್ಷ ಗೋಕಾಕ ಕೋರ್ಟಿನ ಪಾವಟಿಗಿ ಸವಸಿದ. ಇನ್ನ ಹದಿನೈದು ದಿನಕ್ಕ ನಾವು ಎಲ್ಲಿರ್ತೀವೋ. ನೀ ಕೋರ್ಟಿಗೆ ಹೋದ್ರ ಮರಿ ಯಾರು ನೋಡ್ತಾರ?”

“ಆ ಹುಡುಗಿ ನಮ್ಮ ಸಲುವಾಗಿ ಹೊಳ್ಳಿಸ್ಯಾಳ.”

“ಗೊತ್ತದ. ದೇವರು ಆಕಿಗೆ ಚಲೋ ಮಾಡಲಿ. ಬಲಿ ಬಿಚ್ಚು.”

ಮಾಳಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಾವಿತ್ರವ್ವ ಬಗ್ಗಿ ಮೊದಲ ಗೂಟ ಅಲುಗಾಡಿಸತೊಡಗಿದಳು.

ಆಗಲೇ ವಿಮಾನ ಕಲಿಸುವ ಶಾಲೆಯ ಜೀಪು ಬಂತು. ಇಳಿದವರು ಇಬ್ಬರು. ಒಬ್ಬರು ಹುಡುಗಿಗೆ ಕಲಿಸುವ ಕ್ಯಾಪ್ಟನ್, ನರೆತ ಮೀಸೆಯ ಗಟ್ಟಿ ಮನುಷ್ಯ, ಘಟ್ಟದ ಕೆಳಗಿನ ಕನ್ನಡ. ಇನ್ನೊಬ್ಬ ಮೆಕ್ಯಾನಿಕ್, ಯಲ್ಲಾರಿ ಎಂದು ಹೆಸರು, ಎಣ್ಣೆಯ ಕಲೆಯ ನೀಲಿ ಅಂಗಿ. ಅವರ ಬೆನ್ನಿಗೇ ಒಂದು ಹಳೆಯ ಜೀಪಿನಲ್ಲಿ ಹುಡುಗಿಯ ಅಪ್ಪ ಬಾಳೇಶ, ಅವ್ವ ಅನ್ನಪೂರ್ಣಾ ಹುಕ್ಕೇರಿಯಿಂದ ಬಂದರು. ಅವ್ವ ಮಗಳ ಕೈ, ಕಾಲು, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಅವಳ ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಫೋನು ಬಂದಾಗ ಒಲೆಯ ಮುಂದೆ ಇದ್ದಳಂತೆ. ಏನು ಮಾಡಬೇಕೆಂದು ತೋಚದೆ, ಬಡಿದ ರೊಟ್ಟಿಯನ್ನೆಲ್ಲ ಕಟ್ಟಿಕೊಂಡು ಗಾಡಿ ಹತ್ತಿದ್ದಳು.

ಕ್ಯಾಪ್ಟನ್ ಮೊದಲು ಹುಡುಗಿಯ ಕಣ್ಣು ನೋಡಿದರು, ಬೆರಳು ಎಣಿಸಲು ಹೇಳಿದರು, “ತಲೆ ಸುತ್ತುತ್ತಿದೆಯಾ?” ಎಂದು ಕೇಳಿದರು. ಇಲ್ಲ ಎಂದಾಗ ಅವರ ಹೆದರಿಕೆ ಸಿಟ್ಟಾಗಿ ತಿರುಗಿತು. ಹೆದರಿದ ಒಳ್ಳೆಯವರಿಗೆ ಹೀಗೆ ಆಗುತ್ತದೆ.

“ಹೊರಡುವ ಮೊದಲು ಟ್ಯಾಂಕ್ ಅಳೆದಿದ್ದೆಯಾ?”

“ಅಳದೇನಿ ಸರ್. ಎರಡೂ ರೆಕ್ಕಿದು. ಬರದೂ ಇಟ್ಟೇನಿ.”

“ಬರೆಯುವುದಕ್ಕೇನು, ಯಾರು ಬೇಕಾದರೂ ಬರೆಯುತ್ತಾರೆ. ನೀನು ಬರೆದಷ್ಟು ಎಣ್ಣೆ ಇದ್ದಿದ್ದರೆ ಈಗಲೂ ಹಾರುತ್ತಿರಬೇಕಿತ್ತು. ಯಲ್ಲಾರಿ, ಎಲ್ಲಾದರೂ ಸೋರಿದೆಯಾ?”

ಯಲ್ಲಾರಿ ರೆಕ್ಕೆಯ ಕೆಳಗೆಲ್ಲ ಕೈಯಾಡಿಸಿ ಬಂದಿದ್ದ. “ಇಲ್ರಿ ಸರ್. ಎಲ್ಲಾ ಒಣಾ ಐತಿ.”

“ಸೋರಿಲ್ಲ. ಹಾಗಾದರೆ ಎಲ್ಲಿಗೆ ಹೋಯಿತು? ಹೋಗಲಿ, ಮುಂದೆ ಇಷ್ಟುದ್ದ ಹೊಲ ಬರಿದೇ ಬಿದ್ದಿದೆ. ನೇರ ಬಂದಿದ್ದರೆ ಒಂದು ಗೀಚೂ ಬೀಳುತ್ತಿರಲಿಲ್ಲ. ಬದುವಿಗೆ ಯಾಕೆ ಹೊಡೆದೆ?”

ಹುಡುಗಿ ಬಾಯಿ ತೆರೆದಳು. ಅವಳ ಕಣ್ಣು ದೊಡ್ಡಿಯ ಕಡೆ, ಗೂಟ ಹಿಡಿದು ಬಗ್ಗಿದ್ದ ಸಾವಿತ್ರವ್ವನ ಕಡೆ ಬಂತು. ಪಕ್ಕದಲ್ಲಿ ಪೊಲೀಸ್ ಸಾಹೇಬರು ಪೆನ್ನು ಹಿಡಿದು ನಿಂತಿದ್ದರು. ಹುಡುಗಿ ಬಾಯಿ ಮುಚ್ಚಿಕೊಂಡಳು. “ಹಿಡಿತ ತಪ್ಪಿತು ಸರ್,” ಅಂದಳು.

ಬಡ ಕುರಿಗಾರರನ್ನು ಪೊಲೀಸರ ಬಾಯಿಗೆ ಕೊಡಬಾರದೆಂದು ಆ ಮಗು ಒಂದು ಸುಳ್ಳು ಹೇಳಿತು. ಆ ಸುಳ್ಳಿನ ಭಾರವನ್ನೂ ತನ್ನ ತಲೆಯ ಮೇಲೇ ಹೊತ್ತುಕೊಂಡಿತು.

“ಹಿಡಿತ ತಪ್ಪಿತು. ಸರಿ.” ಕ್ಯಾಪ್ಟನ್ ಕಾಗದ ತೆಗೆದರು. “ನೀನು ಅಳೆದೇ ಇಲ್ಲ, ಸಪ್ನಾ.”

ಹುಡುಗಿಯ ಅಪ್ಪ ಬಾಳೇಶ ತಲೆ ತಗ್ಗಿಸಿದ.

ಸಾವಿತ್ರವ್ವನ ಕೈಯಲ್ಲಿ ಗೂಟ ಹಾಗೇ ನಿಂತಿತು. ಈ ಮಾತು ಅವಳು ಕೇಳಿದ್ದಳು. ಇದೇ ಮಾತು. ತಲೆ ತಗ್ಗಿಸಿದ ಇಂಥದೇ ಒಬ್ಬ ಅಪ್ಪನನ್ನೂ ನೋಡಿದ್ದಳು.

ಧುಪದಾಳದ ಹೊಳೆದಂಡೆಯಲ್ಲಿ ಎಂಜಿನ್ನು ಒಂದಲ್ಲ, ಎರಡಿದ್ದವು. ಒಂದು ದೊಡ್ಡದು, ಒಂದು ಸಣ್ಣದು. ಟಾಕಿಯೂ ಹಾಗೇ. ಎರಡಕ್ಕೂ ಬೇರೆ ಬೇರೆ ಬೇವಿನ ಕಡ್ಡಿ ಮಾಡಿ, ಚೂರಿಯಿಂದ ಗೀರು ಹಾಕಿ, ಅಪ್ಪ ಎರಡು ಮೊಳೆಗೆ ತೂಗುಹಾಕಿದ್ದ. ಕಡ್ಡಿ ಅದ್ದಿ ತೆಗೆದು, ಎಷ್ಟನೆಯ ಗೀರಿನ ತನಕ ಎಣ್ಣೆ ಹತ್ತಿದೆ ಎಂದು ನೋಡಿದರೆ ಎಷ್ಟು ತಾಸು ನಡೆಯುತ್ತದೆಂದು ತಿಳಿಯುತ್ತಿತ್ತು. ಒಂದು ದಿನ ಸಾವಿತ್ರಿ ಆ ಎರಡೂ ಕಡ್ಡಿಗಳನ್ನು ಜೋಡೆತ್ತು ಮಾಡಿ ಮಣ್ಣಿನಲ್ಲಿ ಹೂಡಿ ಆಡಿದಳು. ಅವ್ವ ಕೂಗಿದಾಗ ಒರೆಸಿ ಮೊಳೆಗೆ ಹಾಕಿ ಓಡಿದಳು. ಮರುದಿನ ಅಪ್ಪ ದೊಡ್ಡ ಟಾಕಿಯ ಕಡ್ಡಿಯಿಂದ ಸಣ್ಣ ಟಾಕಿ ಅಳೆದ. ಸಂಜೆಯ ತನಕ ಸಾಕು ಅಂದಿತು ಕಡ್ಡಿ. ಮಧ್ಯಾಹ್ನಕ್ಕೆ ಎಂಜಿನ್ನು ಕೆಮ್ಮಿ ನಿಂತಿತು. ಅಪ್ಪ ಎಣ್ಣೆಗೆಂದು ಘಟಪ್ರಭಾಕ್ಕೆ ಹೋಗಿ ಬರುವಷ್ಟರಲ್ಲಿ, ಅಂದೇ ನಾಟಿದ ಉಳ್ಳಾಗಡ್ಡಿ ಸಸಿ ಬಿಸಿಲಿಗೆ ಒರಗಿಹೋಗಿತ್ತು.

“ನೀ ಅಳದ ಇಲ್ಲ. ಇಲ್ಲಾ ಎಣ್ಣಿ ಮಾರಕೊಂಡಿ,” ಎಂದರು ಧಣಿ, ಹತ್ತು ಮಂದಿಯ ಎದುರು.

“ಅಳದೇನ್ರಿ,” ಎಂದ ಅಪ್ಪ. ಅಷ್ಟೇ ಅಂದ. ಮರುದಿನದಿಂದ ಅವನಿಗೆ ಆ ಕೆಲಸವಿರಲಿಲ್ಲ.

ಮೊಳೆ ನೋಡಿದ ಕೂಡಲೇ, ತಾನು ಕಡ್ಡಿ ಅದಲುಬದಲು ಹಾಕಿದ್ದು ಸಾವಿತ್ರಿಗೆ ತಿಳಿದಿತ್ತು. ಬಾಗಿಲ ಹಿಂದೆ ನಿಂತಿದ್ದಳು. ಹೇಳಿದರೆ ಹೊಡೆಯುತ್ತಾರೆಂದು ಸುಮ್ಮನಿದ್ದಳು. ಆಮೇಲೆ ಹೇಳುವ ಹೊತ್ತು ಮೀರಿತೆಂದು ಸುಮ್ಮನಿದ್ದಳು. ಅಪ್ಪ ಹಿರಿಯರ ಕುರಿಗಳ ಬೆನ್ನು ಹತ್ತಿದ. ಆಮೇಲೆ ಅವನು ಎಂದೂ ಡೀಸೆಲ್ ನಾರಲಿಲ್ಲ. ಸಾಯುವ ತನಕ ಉಣ್ಣೆ ನಾರಿದ.

ಸಾವಿತ್ರವ್ವ ಗೂಟ ಬಿಟ್ಟು ಎದ್ದಳು. ಮಾಳಪ್ಪ, “ಏ, ಎಲ್ಲಿಗೆ?” ಅಂದ. ಅವಳಿಗೆ ಕೇಳಿಸಲಿಲ್ಲ, ಇಲ್ಲವೇ ಕೇಳಿಸಿದ್ದೂ ಬೇಕಾಗಿರಲಿಲ್ಲ.

“ಸಾಹೇಬ್ರ, ಆಕಿ ಹಿಡತ ತಪ್ಪಿಲ್ಲ. ನಾ ಅಡ್ಡ ನಿಂತಿದ್ದೆ. ನನ್ನ ಹಿಂದ ಇಪ್ಪತ್ತೆರಡು ಮರಿ ಇದ್ವು. ನಮ್ಮನ್ನ ಉಳಸಾಕ ಹೊಳ್ಳಿಸ್ಯಾಳ. ಬೇಕಾದ್ರ ಗಾಲಿ ಗೆರಿ ನೋಡ್ರಿ.”

ಕ್ಯಾಪ್ಟನ್ ತಿರುಗಿ ನೋಡಿದರು. ಗೆರೆ ನೋಡಿದರು, ದೊಡ್ಡಿ ನೋಡಿದರು.

“ಇನ್ನೊಂದು ಐತ್ರಿ. ನಿಮ್ಮ ಇಮಾನದಾಗ ಎಣ್ಣಿ ಅಳಿಯಾಕ ಕಡ್ಡಿ ಇರತೈತೇನು?”

ಮಂದಿ ನಕ್ಕರು. “ಆಯಿ ಇಮಾನ ರಿಪೇರಿ ಮಾಡ್ತಾಳ, ಬಾಜೂಕ ಸರೀರಿ!” ಎಂದಿತು ಒಂದು ದನಿ. ಪೊಲೀಸ್ ಸಾಹೇಬರು, “ಆಯಿ, ನೀ ಹಿಂದ ಸರಿ,” ಅಂದರು. ಕ್ಯಾಪ್ಟನ್ ಮಾತ್ರ ನಗಲಿಲ್ಲ. “ಇರುತ್ತದೆ. ಯಾಕಮ್ಮ?”

“ನಿಮ್ಮಲ್ಲಿ ಇಮಾನ ಎಷ್ಟದಾವ? ಎಲ್ಲಾದಕ್ಕೂ ಟಾಕಿ ಒಂದ ಅಳತಿಯೇನು?”

“ಇಲ್ಲ. ನಾಲ್ಕು ವಿಮಾನ ಇವೆ. ಒಂದರ ಟ್ಯಾಂಕ್ ದೊಡ್ಡದು. ಒಂದೊಂದಕ್ಕೂ ಅದರದೇ...”

ಅವರ ಕಣ್ಣು ವಿಮಾನದ ಕಡೆ ಹೊರಳಿತು.

“ನಮ್ಮಪ್ಪ ಎಂಜಿನ್ನು ನೋಡ್ತಿದ್ದ ರೀ,” ಅಂದಳು ಸಾವಿತ್ರವ್ವ. ಇಷ್ಟು ಮಂದಿಯ ನಡುವೆ ತನ್ನ ದನಿ ತನಗೇ ಹೊಸದಾಗಿ ಕೇಳುತ್ತಿತ್ತು. “ಎರಡು ಎಂಜಿನ್ನು, ಎರಡು ಕಡ್ಡಿ. ಆಡೂ ಹುಡುಗಿ ನಾನು, ಅದಲ ಬದಲ ಇಟ್ಟೆ. ನಮ್ಮಪ್ಪ ಅಳದಿದ್ದ. ಖರೇನ ಅಳದಿದ್ದ. ಕಡ್ಡಿ ಸುಳ್ಳು ಹೇಳ್ತು. ಅಳದಿಲ್ಲ ಅಂದ್ರು, ಕಳ್ಳ ಅಂದ್ರು. ನಾ ಬಾಗಲ ಹಿಂದ ಇದ್ದೆ, ಬಾಯಿ ಬಿಡಲಿಲ್ಲ. ಇವತ್ತ ಬಿಡಾಕತ್ತೇನಿ. ಆ ಕಡ್ಡಿ ಒಮ್ಮೆ ನೋಡಿಬಿಡ್ರಿ.”

ಈಗ ಯಾರೂ ನಗಲಿಲ್ಲ.

ಕ್ಯಾಪ್ಟನ್ ವಿಮಾನದ ಒಳಗೆ ಬಗ್ಗಿ, ಆಸನದ ಹಿಂದಿನ ಚೀಲದಿಂದ ಒಂದು ಮೊಳದಷ್ಟು ಉದ್ದದ ಕಡ್ಡಿ ತೆಗೆದರು. ಬಿಸಿಲಿಗೆ ಹಿಡಿದರು. ತುದಿಯಲ್ಲಿ ಯಾವ ವಿಮಾನದ್ದೆಂದು ಅಕ್ಷರ ಕೊರೆದಿತ್ತು. ಕೈ ತಾಗಿ ತಾಗಿ ಅರ್ಧ ಅಳಿಸಿತ್ತು. ಹೆಬ್ಬೆರಳಿಗೆ ಉಗುಳು ಹಚ್ಚಿ ತಿಕ್ಕಿದರು. ಮತ್ತೆ ನೋಡಿದರು. ಆಮೇಲೆ ಆ ಕಡ್ಡಿಯನ್ನು ಸಪ್ನಾಳ ಮುಂದೆ ಹಿಡಿದರು.

ಅವಳು ಓದಿದಳು. “ಇದು ನಮ್ಮದಲ್ಲ ಸರ್. ದೊಡ್ಡ ಟ್ಯಾಂಕಿನ ವಿಮಾನದ್ದು.”

ಹಿಂದೆ ಏನೋ ಬಿದ್ದ ಸಪ್ಪಳವಾಯಿತು. ಯಲ್ಲಾರಿಯ ಕೈಯಿಂದ ಪಾನಾ ಜಾರಿತ್ತು. “ಶನಿವಾರ ಇದನ್ನೂ ಆ ದೊಡ್ಡ ಟ್ಯಾಂಕಿಂದನ್ನೂ ಕೂಡೇ ತೊಳದ್ನಿ ಸರ್,” ಅಂದ. “ಕಡ್ಡಿ ತಗದು ಒರಸಿ ಬಾಜೂಕ ಇಟ್ಟಿದ್ದೆ. ತಿರುಗಿ ಇಡೂಮುಂದ... ನಾನ ಇಟ್ಟೇನಿ ರೀ. ನಾನ.” ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಅರಿವಾದವನ ಹಾಗೆ ಹಿಂದೆ ಸರಿಯುತ್ತ ಹೋಗಿ, ಬದುವಿನ ತುದಿಯಲ್ಲಿ ಮುರಿದ ಗಾಲಿಯ ಹತ್ತಿರ ಕುಕ್ಕರಿಸಿದ.

“ಅಕ್ಷರ ನಾನೂ ನೋಡಬೇಕಾಗಿತ್ತು ಸರ್,” ಎಂದಳು ಸಪ್ನಾ. “ನೋಡಲಿಲ್ಲ. ದಿನಾ ಅದ ಚೀಲದಾಗ ಇರತಿತ್ತು ಅಂತ ಹಂಗ ತಗೊಂಡೆ. ಅದನ್ನೂ ಬರೀರಿ.”

ಕ್ಯಾಪ್ಟನ್ ಟೊಪ್ಪಿಗೆ ತೆಗೆದು ಬದುವಿನ ಮೇಲೆ ಕೂತರು. ತೊಟ್ಟ ಬಿಳಿ ಬಟ್ಟೆಯ ಪರಿವೆ ಇಲ್ಲದೆ ಮಣ್ಣಿನಲ್ಲೇ ಕೂತರು. “ಕಡ್ಡಿಯ ಮೇಲೆ ಅಕ್ಷರ ಅಳಿಸಿದೆ ಎಂದು ಎರಡು ಸಲ ನನಗೂ ಹೇಳಿದ್ದರು,” ಎಂದರು. “ಅದನ್ನೂ ಬರೆಯಬೇಕು.” ತೆಗೆದಿದ್ದ ಕಾಗದ ಮಡಿಚುತ್ತ ಅಂದರು, “ಅಳೆದಿಲ್ಲ ಎಂದು ಬರೆಯುವುದಿಲ್ಲ, ಸಪ್ನಾ. ಅಳೆದಿದ್ದೀಯ. ಮೇಲಿನವರು ವಿಚಾರಣೆಗೆ ಕರೆಯುತ್ತಾರೆ, ತಿಂಗಳುಗಟ್ಟಲೆ ನಡೆಯಬಹುದು. ಅಲ್ಲಿಯೂ ನಾನು ಇದನ್ನೇ ಹೇಳುತ್ತೇನೆ.”

“ಮತ್ತ ಹಾರಾಕ ಬಿಡ್ತೀರೇನು ಸರ್?”

ಅವರು ಗಾಲಿಯ ಗೆರೆ ಹೊರಳಿದ ಜಾಗವನ್ನೇ ನೋಡುತ್ತಿದ್ದರು. “ಮೊದಲ ದಿನ ನಾನು ಪಕ್ಕದಲ್ಲಿ ಕೂರುತ್ತೇನೆ. ಕಡ್ಡಿಯ ಅಕ್ಷರ ನೀನು ಗಟ್ಟಿಯಾಗಿ ಓದಬೇಕು. ಇಡೀ ಮೈದಾನಕ್ಕೆ ಕೇಳುವ ಹಾಗೆ.”

ಹುಡುಗಿಗೆ ಅಷ್ಟು ಹೊತ್ತು ಬಾರದ ಅಳು ಆಗ ಬಂತು. ಅವಳ ಅಪ್ಪ ಮುಖ ಮೇಲೆತ್ತಿದ. ಸಾವಿತ್ರವ್ವನ ಹತ್ತಿರ ಬಂದ, ದೊಡ್ಡಿಯ ವಾಲಿದ ಗೂಟವನ್ನು ನೆಟ್ಟಗೆ ಮಾಡಿ, ಕಲ್ಲಿನಿಂದ ಕುಟ್ಟಿ ಗಟ್ಟಿ ಮಾಡಿ ಹೋದ.

ಪೊಲೀಸ್ ಸಾಹೇಬರು ವಹಿ ಹಿಡಿದು ಬಂದರು. “ಆಯಿ, ನಿನ್ನ ಹೆಸರು ಹೇಳು. ಫೋನ್ ನಂಬರ್?”

ಸಾವಿತ್ರವ್ವ ಹೆಸರು ಹೇಳಿದಳು. ನಂಬರು ಅವಳಿಗೆ ಬಾಯಿಪಾಠ ಇರಲಿಲ್ಲ. ಹಿಂದಿನಿಂದ ಮಾಳಪ್ಪನ ದನಿ ಬಂತು. “ನನ್ನ ನಂಬರ್ ಬರಕೋರಿ. ಆಕಿ ಫೋನ್ ಎತ್ತೂದಿಲ್ಲ. ಕರದಾಗ ನಾ ಕರಕೊಂಡು ಬರ್ತೀನಿ.” ನಂಬರು ಹೇಳಿ ಮುಗಿಸಿ, ಸಾಹೇಬರು ಆ ಕಡೆ ಹೋದ ಮೇಲೆ ಹೆಂಡತಿಯನ್ನು ನೋಡಿದ. “ನಲವತ್ತು ವರ್ಷ ಸಂಸಾರ ಮಾಡೇನಿ. ಒಂದ ದಿನಾ ಹೇಳಲಿಲ್ಲಲ್ಲ.”

“ಹೇಳಿದ್ರ ಏನ್ ಮಾಡ್ತಿದ್ದಿ?”

ಮಾಳಪ್ಪ ವಿಚಾರ ಮಾಡಿದ. “ಏನೂ ಮಾಡ್ತಿರಲಿಲ್ಲ. ಕೇಳ್ತಿದ್ದೆ.” ಸಡಿಲಾದ ಬಲೆಯ ಮೂಲೆಯನ್ನು ಅವನೇ ಮತ್ತೆ ಕಟ್ಟತೊಡಗಿದ.

ಮಂದಿ ಕರಗಿತು. ಕಾಲೇಜಿನ ಬಸ್ಸು ಹಾರ್ನು ಹೊಡೆದು ಹೋಯಿತು. ಬನ್ನಿಗಿಡದ ಕೆಳಗೆ ಅನ್ನಪೂರ್ಣಾ ಗಂಟು ಬಿಚ್ಚಿದಳು. ಬಿಳಿಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಡಬ್ಬಿಯಲ್ಲಿ ಗಟ್ಟಿ ಮೊಸರು, ಶೇಂಗಾ ಚಟ್ನಿ. ಸಾವಿತ್ರವ್ವನಿಗೆ, ಕ್ಯಾಪ್ಟನ್‌ಗೆ, ಸತ್ಯಪ್ಪನಿಗೆ, ಎಲ್ಲರಿಗೂ ಎಲೆಯಿಲ್ಲದೆ ಕೈಯಲ್ಲೇ ಇಟ್ಟಳು. “ಉಣ್ಣು,” ಎಂದು ಮಗಳ ಮುಂದೆಯೂ ಇಟ್ಟಳು.

ಸಪ್ನಾ ತಿನ್ನಲಿಲ್ಲ. ಬದುವಿನ ತುದಿಯ ಕಡೆ ನೋಡುತ್ತಿದ್ದಳು. ಅಲ್ಲಿ ಯಲ್ಲಾರಿ ಮೊಣಕಾಲಲ್ಲಿ ಮುಖವಿಟ್ಟು ಹಾಗೇ ಕೂತಿದ್ದ. ಅವನನ್ನು ಯಾರೂ ಬೈದಿರಲಿಲ್ಲ. ಯಾರೂ ಕರೆದೂ ಇರಲಿಲ್ಲ.

ಸಾವಿತ್ರವ್ವನ ಕೈಯಲ್ಲಿ ತುತ್ತು ಹಾಗೇ ಉಳಿಯಿತು. ಹುಡುಗಿ ಎದ್ದಳು. ತನ್ನ ಪಾಲಿನ ರೊಟ್ಟಿಯ ಮೇಲೆ ಪಲ್ಯ ಹಾಕಿ, ಇನ್ನೊಂದು ರೊಟ್ಟಿ ಮುಚ್ಚಿ, ಅವ್ವನ ಬಟ್ಟೆಯಲ್ಲಿ ಸುತ್ತಿಕೊಂಡಳು. ಗಾಲಿಯ ಗೆರೆ ದಾಟಿ ಹೋದಳು. ಯಲ್ಲಾರಿ ನೆರಳು ಕಂಡು ತಲೆ ಎತ್ತಿದ. ಎಣ್ಣೆ ಮೆತ್ತಿದ ಅವನ ಎರಡೂ ಅಂಗೈ ಬಿಡಿಸಿ, ಊಟ ಅದರಲ್ಲಿಟ್ಟು, ಅವನು ಮೊದಲ ತುತ್ತು ಮುರಿಯುವ ತನಕ ಪಕ್ಕದಲ್ಲಿ ಕೂತಳು.